ಹೊರಗೆ ಕೇಳಿಸದ ಎಣಿಕೆ

ನಾನು ಒಂದು ಮೈಕು. ಹುಟ್ಟಿದ್ದು ಬೆಂಗಳೂರಿನ ಒಂದು ತಗಡಿನ ಶೆಡ್ಡಿನಲ್ಲಿ. ತಲೆಗೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸುತ್ತಿ ನನ್ನ ಎದೆಯೊಳಗೆ ಕೂರಿಸಿದರು. ಮೇಲೆ ಉಕ್ಕಿನ ಜಾಲರಿ ತೊಡಿಸಿದರು. ಕೊನೆಗೆ ಒಬ್ಬ ನನ್ನನ್ನು ಬಾಯಿಯ ಹತ್ತಿರ ಹಿಡಿದು, “ಹಲೋ, ಒಂದು, ಎರಡು, ಮೂರು” ಎಂದ. ಮೈಕಿನ ಮುಂದೆ ಲೋಕವೆಲ್ಲ ಹೀಗೇ ಎಣಿಸುತ್ತದೆ. ಹಿಂದಕ್ಕೆ ಎಣಿಸುವವರೂ ಇದ್ದಾರೆಂದು ನನಗೆ ಆಗ ಗೊತ್ತಿರಲಿಲ್ಲ.

ನನ್ನ ಜೊತೆ ಹುಟ್ಟಿದ್ದೊಂದು ಬಸ್ ನಿಲ್ದಾಣಕ್ಕೆ ಹೋಯಿತು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆಂದು ದಿನವಿಡೀ ಕೂಗಿ ಹೇಳುವುದು ಅದರ ಕೆಲಸ. ನನ್ನನ್ನು ಪೂರ್ವದ ಕಡಲಿನ ಒಂದು ದ್ವೀಪಕ್ಕೆ ಕಳಿಸಿದರು. ಅಲ್ಲಿ ರಾಕೆಟ್ ಹಾರಿಸುವ ಕೇಂದ್ರ. ನಿಯಂತ್ರಣ ಕೊಠಡಿಯ ಮೂಲೆ ಮೇಜಿನ ಮೇಲೆ, ಕತ್ತು ಬಾಗುವ ಒಂದು ಸ್ಟ್ಯಾಂಡಿಗೆ ನನ್ನನ್ನು ಸಿಕ್ಕಿಸಿದರು. ಅಲ್ಲಿಂದ ಎರಡು ತಂತಿ ಹೊರಡುತ್ತಿದ್ದವು. ಒಂದು ಕೊಠಡಿಯೊಳಗಿನ ಸ್ಪೀಕರುಗಳಿಗೆ. ಇನ್ನೊಂದು ಗೋಡೆ ದಾಟಿ, ಹಿನ್ನೀರು ದಾಟಿ, ಹದಿನೈದು ಕಿಲೋಮೀಟರ್ ಆಚೆ ನೌಕರರ ಕಾಲೊನಿಯಲ್ಲಿದ್ದ ಶಾಲೆಯ ಮೈದಾನಕ್ಕೆ.

ನನ್ನ ಮುಂದೆ ಕೂರುತ್ತಿದ್ದವರು ದಾಕ್ಷಾಯಿಣಿ. ತಿಪಟೂರಿನ ಕಡೆಯವರು. ಕೆಳಗಿನಿಂದ ನೋಡುವ ನನಗೆ ಅವರ ಗದ್ದ, ಗದ್ದದ ಅಡಿಯ ಸಣ್ಣ ಮಚ್ಚೆ, ಎಣಿಸುವಾಗ ಕತ್ತಿನಲ್ಲಿ ಏರಿಳಿಯುವ ಒಂದು ನರ, ಇಷ್ಟೇ ಪರಿಚಯ. ರಾಕೆಟ್ ಹೊರಡುವ ಮುಂಚಿನ ಎಣಿಕೆಯನ್ನು ಹೇಳುವುದು ಅವರ ಕೆಲಸ. ಹತ್ತರಿಂದ ಸೊನ್ನೆಯವರೆಗೆ ಇಳಿಯುವಾಗ ಅವರ ದನಿ ಏರುತ್ತಲೂ ಇರಲಿಲ್ಲ, ಅವಸರಪಡುತ್ತಲೂ ಇರಲಿಲ್ಲ. ಮಗುವಿನ ಕೈಹಿಡಿದು ಮೆಟ್ಟಿಲು ಇಳಿಸುವ ಹಾಗೆ ಒಂದೊಂದೇ ಅಂಕಿಯನ್ನು ಕೆಳಗಿಡುತ್ತಿದ್ದರು.

ಅವರ ಗಂಡ ಗುರುಮಲ್ಲಪ್ಪ ಮೇಷ್ಟ್ರು ಆ ಶಾಲೆಯಲ್ಲೇ ಗಣಿತ ಹೇಳುತ್ತಿದ್ದರು. ರಾಕೆಟ್ ಹಾರುವ ದಿನ ಮಕ್ಕಳನ್ನೆಲ್ಲ ಮೈದಾನದಲ್ಲಿ ನಿಲ್ಲಿಸಿ ಹೆಂಡತಿಯ ಎಣಿಕೆ ಕೇಳಿಸಿಕೊಳ್ಳುವುದು, ಸಂಜೆ ಮನೆಯಲ್ಲಿ ಅದಕ್ಕೆ ಅಂಕ ಕೊಡುವುದು ಅವರ ರೂಢಿ. ಮಾರನೆಯ ಬೆಳಿಗ್ಗೆ ನನ್ನ ತಂತಿ ನೋಡಿಕೊಳ್ಳುವ ಅಯೂಬನಿಗೆ ದಾಕ್ಷಾಯಿಣಿ ವರದಿ ಒಪ್ಪಿಸುತ್ತಿದ್ದರು.

“ಎಷ್ಟು ಬಿತ್ತಕ್ಕಾ ಈ ಸಲ?”

“ಒಂಬತ್ತೂವರೆ. ಐದಕ್ಕೂ ನಾಲ್ಕಕ್ಕೂ ಮಧ್ಯೆ ಉಗುಳು ನುಂಗಿದೆನಂತೆ. ಅರ್ಧ ಕಳೆದರು.”

“ಮೇಷ್ಟ್ರ ಕೈ ಭಾರೀ ಬಿಗಿ. ಚಿಂತಾಮಣಿಯಲ್ಲಿ ನಮ್ಮಪ್ಪನೂ ಹಿಂಗೇ. ಬಿರಿಯಾನಿ ತಿಂದು ಮುಗಿಸಿ, ಉಪ್ಪು ಒಂದು ಚೂರು ಕಮ್ಮಿ ಅನ್ನೋರು.”

ಅವು ಒಳ್ಳೆಯ ದಿನಗಳು. ರಾಕೆಟ್ ಹಾರುವ ದಿನ ಮಾತ್ರವಲ್ಲ, ನಿಮಿಷವೂ ವಾರಕ್ಕೆ ಮುಂಚೆ ಪತ್ರಿಕೆಯಲ್ಲಿ ಬರುತ್ತಿತ್ತು. ಬಸ್ಸು ಮಾಡಿಕೊಂಡು ದೂರದೂರದಿಂದ ಜನ ಬರುತ್ತಿದ್ದರು. ಮೂವತ್ತೊಂದು ಸಲ ಹಾಗೆ ಎಣಿಸಿದೆವು, ನಾವಿಬ್ಬರೂ.

ಮೂವತ್ತೆರಡನೆಯದು ಸೇನೆಯ ಉಪಗ್ರಹ. ಕೊಠಡಿಯಲ್ಲಿ ಕೂರುವವರ ಹೆಸರಿನ ಪಟ್ಟಿ ಮಾಡಿ, ಒಬ್ಬ ಅಧಿಕಾರಿ ಬಂದು ಎಲ್ಲರೆದುರು ನಿಂತು ಹೇಳಿದರು: “ಹೊರಡುವ ಗಳಿಗೆ ಗೊತ್ತಾದರೆ ಅದು ಸಾಗುವ ದಾರಿಯನ್ನು ಲೆಕ್ಕ ಹಾಕಿ ಹಿಡಿಯಬಹುದು. ಹೋಗುವ ತನಕ ದಿನ, ಗಂಟೆ, ಯಾವುದೂ ಈ ಗೋಡೆ ದಾಟಬಾರದು. ಮನೆಯವರಿಗೂ ಹೇಳಬಾರದು.” ಕಡಲಿಗೆ ಇಳಿಯಬೇಡಿ ಎಂದು ಮೀನುಗಾರರಿಗೆ ಕೊಟ್ಟ ಎಚ್ಚರಿಕೆಯಲ್ಲಿ ಕೂಡ ಒಂದು ದಿನದ ಬದಲು ಹದಿನೈದು ದಿನ ಬರೆದರು. ಶಾಲೆಯ ಮೈದಾನಕ್ಕೆ ಹೋಗುವ ನನ್ನ ಎರಡನೆಯ ತಂತಿಯನ್ನು ಆ ದಿನ ಕಿತ್ತಿಡಬೇಕು ಎಂದೂ ಆಯಿತು.

ಅದೇ ವಾರ ದಾಕ್ಷಾಯಿಣಿಯವರ ಗಂಟಲಲ್ಲಿ ಗಂಟು ಇರುವುದು ಗೊತ್ತಾಯಿತು.

ನನಗೆ ಮೊದಲೇ ತಿಳಿದಿತ್ತು. ‘ಆರು’ ಅನ್ನುವಾಗ ದನಿಯ ಅಂಚು ಸವೆದಿತ್ತು. ಆದರೆ ನಾನು ಕೇಳಿಸಿಕೊಳ್ಳಬಲ್ಲೆ, ಹೇಳಲಾರೆ. ಡಾಕ್ಟರು ಕೂಡಲೇ ಆಪರೇಷನ್ ಮಾಡಬೇಕು ಎಂದರು. ಆಮೇಲೆ ದನಿ ಉಳಿದೀತು ಎಂದು ಮಾತು ಕೊಡಲಾರೆ ಎಂದೂ ಅಂದರು. ದಾಕ್ಷಾಯಿಣಿ ಹತ್ತು ದಿನ ಬಿಟ್ಟು ಆಗಲಿ ಎಂದುಬಿಟ್ಟರು.

“ಮೇಷ್ಟ್ರು ಏನಂದ್ರಕ್ಕಾ?” ಅಯೂಬ್ ಕೇಳಿದ. ಅವನ ಹೆಸರೂ ಪಟ್ಟಿಯಲ್ಲಿತ್ತು, ಅವನ ಹತ್ತಿರ ಮಾತಾಡಬಹುದಿತ್ತು.

“ಯಾಕೆ ಹತ್ತು ದಿನ ಅಂದರು. ಸುಮ್ಮನೆ ಅಂದೆ. ಸುಮ್ಮನೆ ಅಂದರೆ ಏನು, ಗಂಟಲಲ್ಲಿ ಗಂಟಿಟ್ಟುಕೊಂಡು ಯಾರಾದರೂ ಸುಮ್ಮನೆ ಕೂತಿರುತ್ತಾರಾ ಅಂದರು. ಏನು ಹೇಳಲಿ? ಹತ್ತು ದಿನ ಯಾಕೆ ಅಂತ ಹೇಳಿದರೆ ಯಾವ ದಿನ ಅಂತಲೂ ಹೇಳಿದ ಹಾಗೇ.”

“ನಿಮ್ಮ ಬದಲು ಬೇರೆಯವರನ್ನು ಕೂರಿಸಬಹುದಲ್ಲಾ?”

ಅವರು ನನ್ನ ಕತ್ತನ್ನು ತಮ್ಮತ್ತ ಬಾಗಿಸಿಕೊಂಡರು. “ಕೂರಿಸಬಹುದು. ಕೊನೆಯದಿರಬಹುದಲ್ಲಾ ಅಯೂಬ್. ಬಿಟ್ಟುಕೊಡೋಕೆ ಮನಸ್ಸು ಬರಲಿಲ್ಲ.”

ಮೇಷ್ಟ್ರು ಮಾತು ಬಿಟ್ಟರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಹೆಂಡತಿ ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾಳೆ, ಅದೂ ಜೀವಕ್ಕೆ ಸಂಬಂಧಿಸಿದ್ದನ್ನು ಎಂದು ಅವರಿಗೆ ನೋವಾಗಿತ್ತು. ತಾಲೀಮಿಗೆ ಬಂದಾಗಲೆಲ್ಲ ದಾಕ್ಷಾಯಿಣಿ ಅಯೂಬನಿಗೆ ಹೇಳುತ್ತಿದ್ದರು: “ಮಾತು ಬಿಟ್ಟು ಇವತ್ತಿಗೆ ನಾಲ್ಕು ದಿನ.” ಆಮೇಲೆ, “ಇವತ್ತಿಗೆ ಏಳು.” ರಾಕೆಟ್ಟಿನ ಎಣಿಕೆ ಕೆಳಗಿಳಿಯುತ್ತಿತ್ತು, ಮನೆಯದು ಮೇಲೇರುತ್ತಿತ್ತು.

ಒಂಬತ್ತು ದಿನ ಕಳೆದ ಮೇಲೆ ರಾಕೆಟ್ ಹಾರುವ ದಿನ ಬಂತು. ಕೊಠಡಿಯ ಬಾಗಿಲು ಹಾಕಿದರು. ಅಯೂಬ್ ನನ್ನ ಮೇಜಿನ ಕೆಳಗೆ ಕೂತ. ಎರಡನೆಯ ತಂತಿ ಅವನ ಕೈಯಲ್ಲಿತ್ತು, ಇನ್ನೂ ಕಿತ್ತಿರಲಿಲ್ಲ.

“ಅಕ್ಕಾ,” ಎಂದ ಮೆಲ್ಲಗೆ. “ಬೇಕಿದ್ರೆ ಮರೆತುಬಿಟ್ಟೆ ಅಂತೀನಿ. ಕೊನೇ ಹತ್ತು ಅಂಕಿ ತಾನೇ. ಅಷ್ಟರಲ್ಲಿ ಯಾವನು ಏನು ಲೆಕ್ಕ ಹಾಕ್ತಾನೆ? ಮೇಷ್ಟ್ರು ಒಂದು ಸಲ ಕೇಳಿಸ್ಕೊಳ್ಳಲಿ.”

ದಾಕ್ಷಾಯಿಣಿಯವರ ಕೈ ನನ್ನ ಸ್ಟ್ಯಾಂಡಿನ ಮೇಲಿತ್ತು. ಅವರು ಒಪ್ಪಲಿ ಎಂದು ನಾನು ಆಸೆಪಟ್ಟೆ. ಸುಳ್ಳು ಯಾಕೆ ಹೇಳಲಿ.

“ಬೇಡ. ನಿನ್ನ ಕೆಲಸ ಹೋಗುತ್ತೆ. ಅದೂ ಅಲ್ಲದೆ...” ಎಂದು ಮಾತನ್ನು ಅರ್ಧಕ್ಕೇ ಬಿಟ್ಟರು. “ಕಿತ್ತುಬಿಡು ಅಯೂಬ್.”

ಕಿತ್ತ. ಮೂವತ್ತೊಂದು ಸಲ ನನ್ನ ಬೆನ್ನಿಗೆ ಒಂದು ಇಡೀ ಮೈದಾನವಿತ್ತು. ಈಗ ಗೋಡೆಯಿತ್ತು.

ಅವರು ಎಣಿಸಿದರು. ನನ್ನ ಬದುಕಿನಲ್ಲಿ ಅಂಥ ಎಣಿಕೆ ಮತ್ತೆ ಕೇಳಿಲ್ಲ. ಸವೆದ ಅಂಚೇ ದನಿಗೆ ಒಂದು ಹೊಳಪು ಕೊಟ್ಟಿತ್ತು. ಕೊಠಡಿಯಲ್ಲಿ ನಲವತ್ತು ಜನ ಇದ್ದರು. ಎಲ್ಲರ ಕಣ್ಣೂ ಪರದೆಗಳ ಮೇಲಿತ್ತು. ಸೊನ್ನೆಯಾದ ಮೇಲೆ ನೆಲ ನಡುಗಿತು, ರಾಕೆಟ್ ಹೋಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ದಾಕ್ಷಾಯಿಣಿ ಕೈಚೀಲ ತೆಗೆದುಕೊಂಡು ಆಸ್ಪತ್ರೆಗೆ ಕಾದಿದ್ದ ಕಾರಿನತ್ತ ನಡೆದರು. ಆ ದನಿ ನನ್ನ ಹತ್ತಿರ ಮತ್ತೆ ಬರಲಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಬರೀ ಪಿಸುಗುಟ್ಟುವಷ್ಟು ಗಾಳಿ. ಹತ್ತು ದಿನ ಮುಂಚೆ ಮಾಡಿದ್ದರೆ ಏನಾಗುತ್ತಿತ್ತೋ, ಡಾಕ್ಟರೂ ಹೇಳಲಿಲ್ಲ. ದಾಕ್ಷಾಯಿಣಿ ಕೇಂದ್ರದ ಗ್ರಂಥಾಲಯಕ್ಕೆ ವರ್ಗ ಮಾಡಿಸಿಕೊಂಡರಂತೆ. ಅಲ್ಲಿ ಸುಮ್ಮನಿರುವವರನ್ನು ಯಾರೂ ಯಾಕೆಂದು ಕೇಳುವುದಿಲ್ಲ.

ಆಮೇಲೆ ಬಂದವರೆಲ್ಲ ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮೈಕು ತಂದರು. ನಾನು ನಾಲ್ಕು ವರ್ಷ ಉಗ್ರಾಣದಲ್ಲಿದ್ದೆ. ಕೇಂದ್ರದಲ್ಲಿ ಬೇಡವಾದ ಸಾಮಾನು ಕಾಲೊನಿಯ ಶಾಲೆಗೆ ಹೋಗುವುದು ವಾಡಿಕೆ. ಒಂದು ದಿನ ಅಯೂಬ್ ನನ್ನನ್ನು ಒರೆಸಿ, ಶಾಲೆಯ ಸಭಾಂಗಣಕ್ಕೆ ತಂದು ನಿಲ್ಲಿಸಿದ. ಗುರುಮಲ್ಲಪ್ಪ ಮೇಷ್ಟ್ರನ್ನು ನಾನು ಮೊದಲು ಕಂಡದ್ದು ಆಗ. ತೆಳ್ಳಗೆ, ತೋಳಿನ ತುಂಬ ಸೀಮೆಸುಣ್ಣದ ಪುಡಿ.

“ಇದು ಅವಳದೇ ಏನಪ್ಪಾ?”

“ಅಕ್ಕಂದೇ ಮೇಷ್ಟ್ರೇ.”

ಮೇಷ್ಟ್ರು ನನ್ನನ್ನು ಮುಟ್ಟಲಿಲ್ಲ. ದೂರದಿಂದಲೇ ನಿಂತು ಹೇಳಿದರು: “ಅವತ್ತು ಎಂಟನೇ ಕ್ಲಾಸಿಗೆ ವರ್ಗಮೂಲ ಹೇಳಿಕೊಡ್ತಿದ್ದೆ. ಕಿಟಕಿ ಗಾಜು ಗಡಗಡ ಅಂತು. ಮೈದಾನಕ್ಕೆ ಓಡಿ ಬಂದೆ, ರಾಕೆಟ್ ಆಗಲೇ ಮೋಡದಲ್ಲಿ. ಧ್ವನಿವರ್ಧಕದಲ್ಲಿ ಒಂದಕ್ಷರ ಇಲ್ಲ. ಹತ್ತು ದಿನ ಯಾಕೆ ಅಂದಳು ಅನ್ನೋದು ಆಗ ತಲೆಗೆ ಹೋಯಿತು ನೋಡು. ಸೈಕಲ್ ತುಳಿದುಕೊಂಡು ಆಸ್ಪತ್ರೆಗೆ ಹೋದೆ. ಬಾಗಿಲಲ್ಲೇ ನರ್ಸು ಹೇಳಿದಳು, ಆಪರೇಷನ್ನಿಗೆ ಮದ್ದು ಕೊಟ್ಟಾಗಿದೆ, ಪೇಷಂಟು ಮಾತಾಡೋ ಹಾಗಿಲ್ಲ ಅಂತ.”

ಅಯೂಬ್ ನನ್ನ ಸ್ಟ್ಯಾಂಡಿನ ಸ್ಕ್ರೂ ತಿರುಗಿಸುತ್ತಲೇ ಇದ್ದ. ಅದು ಆಗಲೇ ಬಿಗಿಯಾಗಿತ್ತು.

ಶಾಲೆಯಲ್ಲಿ ನಾನು ಎಂಟು ವರ್ಷ ದುಡಿದೆ. ಬೆಳಗಿನ ಪ್ರಾರ್ಥನೆ, ಸ್ವಾತಂತ್ರ್ಯ ದಿನದ ಭಾಷಣ, ಕಳೆದುಹೋದ ನೀರಿನ ಬಾಟಲಿಯ ಪ್ರಕಟಣೆ. ಮಕ್ಕಳ ಎಂಜಲು ಸಿಡಿದು ನನ್ನ ಜಾಲರಿಗೆ ತುಕ್ಕು ಹಿಡಿಯಿತು. ಆ ತುಕ್ಕು ನನಗೆ ಇಷ್ಟವಾಗಿತ್ತು. ಮೇಷ್ಟ್ರು ಮಾತ್ರ ನನ್ನೆದುರು ನಿಂತಾಗಲೆಲ್ಲ ಬೇಕಾದ್ದಷ್ಟೇ ಹೇಳಿ ಇಳಿಯುತ್ತಿದ್ದರು.

ಅವರು ನಿವೃತ್ತರಾದ ದಿನ ದಾಕ್ಷಾಯಿಣಿಯೂ ಬಂದಿದ್ದರು. ಎರಡು ಮಾತಾಡಿ ಎಂದು ಯಾರೋ ಕರೆದರು. ಅವರು ನಕ್ಕು ಕೈ ಆಡಿಸಿದರು. ಹಾರ, ಶಾಲು, ಭಾಷಣ, ಊಟ ಎಲ್ಲ ಮುಗಿದು ಜನ ಹೋದರು. ದಾಕ್ಷಾಯಿಣಿ ಹಿಂದಿನ ಸಾಲಿನ ಬೆಂಚಿನ ಮೇಲೆ ಗಂಡನಿಗಾಗಿ ಕಾಯುತ್ತಿದ್ದರು. ಮೇಷ್ಟ್ರು ನನ್ನನ್ನು ಬಿಚ್ಚಿಡಲು ವೇದಿಕೆ ಹತ್ತಿದರು. ನನ್ನ ಕತ್ತು ಹಿಡಿದುಕೊಂಡು ಹಾಗೇ ನಿಂತರು.

“ಒಂಬತ್ತು ದಿನ, ದಾಕ್ಷಿ,” ಎಂದರು. ನನ್ನ ಗುಂಡಿ ಆರಿಸಿತ್ತು. ದೊಡ್ಡ ಸಭಾಂಗಣ, ಅಷ್ಟು ದೂರಕ್ಕೆ ಕೇಳಲೆಂದು ಜೋರಾಗಿಯೇ ಹೇಳಬೇಕಾಯಿತು. “ನಿನಗೆ ದನಿ ಇದ್ದ ಕೊನೇ ಒಂಬತ್ತು ದಿನ. ಕೋಪ ಮಾಡಿಕೊಂಡು ಕೂತಿದ್ದೆ. ನೀನಾದರೂ ಒಂದು ಸನ್ನೆ ಮಾಡಬಾರದಿತ್ತಾ?”

ದಾಕ್ಷಾಯಿಣಿ ಎದ್ದು ಬಂದರು. ವೇದಿಕೆ ಹತ್ತಿದರು. ಹನ್ನೆರಡು ವರ್ಷದ ಮೇಲೆ ಆ ಗದ್ದ, ಆ ಮಚ್ಚೆ ನನ್ನ ಮೇಲೆ ಬಾಗಿತು. ಗುಂಡಿ ಒತ್ತಿದರು. ತುಟಿಯನ್ನು ನನ್ನ ಜಾಲರಿಗೆ ತಾಗಿಸಿದರು. ಹತ್ತಿರ ನಿಂತವರಿಗೂ ಕೇಳಿಸದ ಗಾಳಿಯದು. ನಾನು ನನ್ನ ಹಳೆಯ ಎದೆಯಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಅದನ್ನು ಹಿಡಿದೆ. ನಾಲ್ಕೂ ಮೂಲೆಯ ಸ್ಪೀಕರುಗಳಿಂದ ಆ ಪಿಸುಮಾತು ಸಭಾಂಗಣದ ತುಂಬ ಹರಡಿತು.

“ದಿನ ಹೇಳೋ ಹಾಗಿರಲಿಲ್ಲ ರೀ. ಊಟ ಆಯ್ತಾ ಅಂತ ಕೇಳಿದ್ದರೆ, ಹೇಳ್ತಿದ್ದೆ.”

ಮೇಷ್ಟ್ರು ವೇದಿಕೆಯ ಮೆಟ್ಟಿಲ ಮೇಲೆ ಕೂತರು. ಕನ್ನಡಕ ತೆಗೆದು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡರು. ಆಮೇಲೆ ತಲೆ ಎತ್ತಿದರು.

“ಊಟ ಆಯ್ತಾ?”

ಈಗಷ್ಟೇ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಂಡಿದ್ದರು. ದಾಕ್ಷಾಯಿಣಿ ನಕ್ಕರು. ದನಿಯಿಲ್ಲದ ಆ ನಗುವೂ ನಾಲ್ಕು ಮೂಲೆಗೆ ಹೋಯಿತು. ಆಮೇಲೆ ಮತ್ತೆ ನನ್ನ ಹತ್ತಿರ ಬಾಗಿ ಹೇಳತೊಡಗಿದರು: “ಆಯ್ತು. ಹೋಳಿಗೆ ಗಟ್ಟಿಯಾಗಿತ್ತು. ಸಾರು ಚೆನ್ನಾಗಿತ್ತು. ನಿಮ್ಮ ಹೆಡ್‌ಮೇಷ್ಟ್ರ ಭಾಷಣ...” ಹೀಗೆ ಏನೇನೋ. ಮೇಷ್ಟ್ರು ಅಲ್ಲಿಂದ ಏಳಲಿಲ್ಲ. ಜವಾನ ಬಾಗಿಲು ಹಾಕಲು ಬಂದವನು, ಇಣುಕಿ ನೋಡಿ, ಬೀಗದ ಕೈ ಹಿಡಿದು ಹೊರಗೇ ಕಾದ.

ಈಗ ನಾನು ವಿಜ್ಞಾನ ಪ್ರಯೋಗಾಲಯದ ಬೀರುವಿನಲ್ಲಿದ್ದೇನೆ, ಒಂದು ಒಡೆದ ಪ್ರಿಸಮ್ಮಿನ ಪಕ್ಕದಲ್ಲಿ. ನನ್ನೊಳಗಿನ ತಂತಿ ಎಲ್ಲೋ ತುಂಡಾಗಿದೆ. ಆಗಾಗ ಬೀರುವಿನ ಗಾಜು ಗಡಗಡ ಅನ್ನುತ್ತದೆ. ದ್ವೀಪದಿಂದ ಏನೋ ಹೊರಟಿತು ಎಂದುಕೊಳ್ಳುತ್ತೇನೆ. ಹೇಳಿ ಹೊರಟದ್ದೋ, ಹೇಳದೆ ಹೊರಟದ್ದೋ ಇಲ್ಲಿಂದ ತಿಳಿಯುವುದಿಲ್ಲ. ಹೇಳಬಾರದ ಮಾತು ಎಲ್ಲ ಮನೆಯಲ್ಲೂ ಒಂದೆರಡು ಇರುತ್ತದೆ. ಆದರೆ ಅದರ ಸುತ್ತ, ಹೇಳಬಹುದಾದದ್ದು ಎಷ್ಟೊಂದು ಇತ್ತು.