ತುಟಿಗಳ ನಡುವಿನ ವಿಜಯ

ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಸಂಗ್ರಹದ ಹಳೆಯ ನಾಣ್ಯಗಳ ತಟ್ಟೆ ಇದ್ದಾಗ, ಎತ್ತಿದ ನಾಣ್ಯವನ್ನು ತುಟಿಗಳಲ್ಲಿ ಕಚ್ಚಿಕೊಳ್ಳುವುದು ನನ್ನ ರೂಢಿ. ದರ್ಜಿ ಗುಂಡುಸೂಜಿ ಕಚ್ಚಿಕೊಳ್ಳುವ ಹಾಗೆ. "ಎರಡು ಸಾವಿರ ವರ್ಷದ ಎಂಜಲು ನಿಮಗೆ ಅಮೃತ ನೋಡಿ," ಎಂದು ಹೆಂಡತಿ ಮೂದಲಿಸುತ್ತಿದ್ದಳು.

ಅಂದು ಮಧ್ಯಾಹ್ನ ಕನ್ನಡಕ ಒರೆಸಿಕೊಂಡು ತಿರುಗಿದರೆ, ತಟ್ಟೆಯ ಮಖಮಲ್ಲಿನಲ್ಲಿ ಒಂದು ಗುಳಿ ಬರಿದಾಗಿತ್ತು. ರೋಮನ್ನರು ಯಾವುದೋ ಯುದ್ಧ ಗೆದ್ದ ನೆನಪಿಗೆ ಅಚ್ಚೊತ್ತಿದ ಬೆಳ್ಳಿ ನಾಣ್ಯ ಅದು: ರೆಕ್ಕೆಯ ವಿಜಯದೇವತೆ ರಥ ಓಡಿಸುತ್ತಿದ್ದಾಳೆ, ಅಂಚಿನ ಸುತ್ತ ಗರಗಸದಂತೆ ಕೊಯ್ದ ಹಲ್ಲುಗಳು.

ಮೇಜಿನಾಚೆ ನನ್ನ ಮೊಮ್ಮಗಳು ಗುಬ್ಬಿ, ಮೂರು ತುಂಬದ ಪೋರಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನನ್ನಷ್ಟೇ ಗಂಭೀರವಾಗಿ ನಿಂತಿದ್ದಳು. ಅವಳ ತುಟಿಗಳ ನಡುವೆ ಬೆಳ್ಳಿ ಮಿನುಗಿತು.

ಗದರಿದರೆ ಬೆಚ್ಚುತ್ತಾಳೆ, ಬೆಚ್ಚಿದರೆ ನುಂಗುತ್ತಾಳೆ. ಹತ್ತಿರ ಹೋದರೆ ಹಿಡಿಯುವ ಆಟವೆಂದು ನಗುತ್ತ ಓಡುತ್ತಾಳೆ. ಆ ಹಲ್ಲುಗಳು ಈ ಎಳೆಯ ಗಂಟಲಲ್ಲಿ... ಯೋಚನೆ ಅಲ್ಲಿಂದ ಮುಂದೆ ಹೋಗಲೊಲ್ಲದು. ಎಷ್ಟು ಸೇನೆಗಳನ್ನು ತುಳಿದು ಬಂದ ದೇವತೆಯೋ, ಈಗ ಒಂದು ಉಸಿರಿನ ಹೊಸ್ತಿಲಲ್ಲಿ ಕುದುರೆಗಳನ್ನು ತಡೆದು ನಿಂತಿದ್ದಳು.

ಹಜಾರದಿಂದ ಮಗಳ ದನಿ: "ಗುಬ್ಬೀ, ಎಲ್ಲಿದ್ದೀಯೇ? ತಾತನ ಸಾಮಾನು ಮುಟ್ಟಬೇಡ ಅಂದಿಲ್ವಾ?"

ಹೆಜ್ಜೆಗಳು ಹತ್ತಿರವಾದವು. ಮಗುವಿನ ತುಟಿ ಬಿಗಿಯಿತು. ನಾಣ್ಯ ಅರ್ಧ ಒಳಗೆ ಸರಿಯಿತು.

ಇನ್ನೊಂದು ನಾಣ್ಯವನ್ನೆತ್ತಿ ನಾನೂ ತುಟಿಗಳಲ್ಲಿ ಕಚ್ಚಿಕೊಂಡೆ. ಗುಬ್ಬಿಯ ಕಣ್ಣರಳಿತು. ಬಾಗಿಲಿಗೆ ಬಂದ ಮಗಳನ್ನು ಅಂಗೈ ಎತ್ತಿ ತಡೆದೆ. ಅವಳು ಬಾಯಿಗೆ ಕೈ ಅಡ್ಡವಿಟ್ಟು ಕಲ್ಲಾದಳು. ಮೆಲ್ಲನೆ ಬಗ್ಗಿದೆ. ಬೊಗಸೆಯೊಡ್ಡಿದೆ. ನಾಣ್ಯವನ್ನು ಅದರೊಳಕ್ಕೆ ಉದುರಿಸಿದೆ.

ಗುಬ್ಬಿ ನೋಡಿದಳು. ಬಗ್ಗಿದಳು. ಪುಟ್ಟ ಬೊಗಸೆಯೊಡ್ಡಿದಳು. ಜೊಲ್ಲಿನ ಎಳೆಯೊಂದಿಗೆ ವಿಜಯ ಟಪ್ಪೆಂದು ಬಿತ್ತು.

ಮಗಳು ಓಡಿಬಂದು ಮಗುವನ್ನು ಬಾಚಿಕೊಂಡಳು. "ಅಪ್ಪಾ, ನೀವು ಮಾಡಿದ್ದನ್ನೇ ಮಾಡ್ತಾಳೆ ಇವಳು. ಅಷ್ಟೂ ಗೊತ್ತಾಗಲ್ವಾ?"

"ತಾತ, ಇನ್ನೊಂದ್ಸಲ ಆಡೋಣ?" ಎಂದಳು ಗುಬ್ಬಿ.

ಗುಳಿಗಳನ್ನೆಲ್ಲ ಬೆರಳಿಂದ ತಡವಿ ನೋಡಿ, ತಟ್ಟೆಯನ್ನು ಕಪಾಟಿನೊಳಗಿಟ್ಟೆ. ಬಿಗಿಯಾದ ಬಾಗಿಲನ್ನು ಒತ್ತಿ ಮುಚ್ಚಲು ಎರಡೂ ಕೈ ಬೇಕಾದವು. ಮುಚ್ಚಿ ತಿರುಗಿದಾಗ, ಗುಬ್ಬಿ ತಾಯಿಯ ಹೆಗಲ ಮೇಲಿಂದ ನನ್ನ ಬಾಯನ್ನೇ ದಿಟ್ಟಿಸುತ್ತಿದ್ದಳು.

ಬೀಗದ ಕೈ ನನ್ನ ತುಟಿಗಳ ನಡುವೆ ಇತ್ತು.