ತಿಮಿಂಗಿಲದ ಖರ್ಚು

ಪಡಖಾನೆಯ ಮಾಲೀಕ ಓಲ್ಟ್ಮಾನ್ ಬೀಗದ ಕೈ ತಿರುಗಿಸಿದ ಕೂಡಲೇ ಅಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ಗೋಡೆಗೆ ಕೂರಿಸಿದ ಆ ಕಬ್ಬಿಣದ ಡಬ್ಬಿಯ ಮೈತುಂಬ ಸಣ್ಣ ಸಣ್ಣ ಕಂಡಿಗಳು, ಒಂದೊಂದು ಕಂಡಿಗೂ ಒಂದೊಂದು ನಂಬರು. ವರ್ಷವಿಡೀ ಶುಕ್ರವಾರ ಸಂಜೆ ಬಂದು ತಮ್ಮ ತಮ್ಮ ಕಂಡಿಯೊಳಗೆ ದುಡ್ಡು ತೂರಿಸುವುದು, ತಪ್ಪಿಸಿದವರು ದಂಡ ಕಟ್ಟುವುದು, ನವೆಂಬರಿನಲ್ಲಿ ಎಲ್ಲರ ಉಳಿತಾಯ ಅವರವರ ಕೈಗಿತ್ತು, ದಂಡದ ದುಡ್ಡಿನಲ್ಲಿ ಒಟ್ಟಿಗೆ ಕೂತು ಬೇಯಿಸಿದ ಸೊಪ್ಪು, ಸಾಸೇಜು ಉಣ್ಣುವುದು. ಹ್ಯಾಂಬರ್ಗ್ ಬಂದರಿನ ಈ ದಂಡೆಯಲ್ಲಿ ಇದು ಅಜ್ಜಂದಿರ ಕಾಲದ ಪದ್ಧತಿ. ಬ್ಯಾಂಕಿನವರು ನಗುತ್ತಾರೆ. ನಗಲಿ. ಬ್ಯಾಂಕುಗಳು ಯಾರ ದುಡ್ಡನ್ನು ಹೇಗೆ ಮುಳುಗಿಸುತ್ತವೆ ಎಂಬುದನ್ನು ಇಲ್ಲಿಯವರು ಕಂಡಿದ್ದಾರೆ. ಓಲ್ಟ್ಮಾನನ ಡಬ್ಬಿ ಈವರೆಗೆ ಯಾರನ್ನೂ ಮುಳುಗಿಸಿಲ್ಲ.

ವೀಬ್ಕೆ ಮತ್ತು ಹೆಲ್ಮಾ ಎಂದಿನಂತೆ ಕಿಟಕಿ ಪಕ್ಕದ ಮೇಜಿನಲ್ಲಿದ್ದರು. ಒಂದೇ ಕಟ್ಟಡದಲ್ಲಿ ಎದುರುಬದುರು ಬಾಗಿಲಿನವರು, ಇಬ್ಬರಿಗೂ ಅರವತ್ತರ ಹತ್ತಿರದ ವಯಸ್ಸು. ವೀಬ್ಕೆ ಊರಾಚೆಯ ಲಾಂಡ್ರಿ ಕಾರ್ಖಾನೆಯಲ್ಲಿ ಆಸ್ಪತ್ರೆಗಳಿಂದ ಬಂದ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಯಂತ್ರದ ಬಾಯಿಗೆ ಕೊಡುತ್ತಾಳೆ. ಹೆಲ್ಮಾ ಶಾಲೆಯೊಂದರ ಅಡುಗೆಮನೆಯಲ್ಲಿ ಊರಿನ ಮಕ್ಕಳಿಗೆಲ್ಲ ಆಲೂಗಡ್ಡೆ ಬೇಯಿಸುತ್ತಾಳೆ. ಕಿಟಕಿಯಾಚೆ ನದಿಯಿಂದ ಎದ್ದ ಮಂಜು ಬೀದಿಗೆ ಬಂದು ನಿಂತಿತ್ತು. ಕ್ರೇನುಗಳ ತಲೆಗಳಷ್ಟೇ ಮೇಲೆ ಕಾಣುತ್ತಿದ್ದವು. ಕಣ್ಣಿಗೆ ಬೀಳದ ಹಡಗೊಂದು ಎಲ್ಲೋ ಉದ್ದಕ್ಕೆ ಕೂಗಿ ಸುಮ್ಮನಾಯಿತು.

ಅವರ ಶ್ರೀಲಂಕಾ ಹುಟ್ಟಿದ್ದು ಇದೇ ಮೇಜಿನ ಮೇಲೆ, ಬಿಯರ್ ಲೋಟದ ಅಡಿಗಿಡುವ ದುಂಡನೆಯ ರಟ್ಟಿನಲ್ಲಿ. ರಟ್ಟಿನ ಒಂದು ಮುಖದಲ್ಲಿ ಓಲ್ಟ್ಮಾನ್ ಕುಡಿದ ಲೋಟಗಳಿಗೆ ಗೀಟು ಎಳೆಯುತ್ತಿದ್ದ. ಇನ್ನೊಂದು ಮುಖದಲ್ಲಿ ವೀಬ್ಕೆ ಅಲ್ಲಿಗೆ ಒಂದು ವಾರದ ಪ್ರವಾಸದ ಖರ್ಚು ಬರೆಯುತ್ತಿದ್ದಳು. ವಿಮಾನ, ವೀಸಾ, ರೂಮು, ವಿಮಾನ ನಿಲ್ದಾಣದಿಂದ ವ್ಯಾನು, ರಾತ್ರಿಯೂಟ. ಪ್ರತಿ ಶುಕ್ರವಾರ ಹೊಸ ರಟ್ಟು, ಅದೇ ಖರ್ಚು. ಆದರೆ ಅದು ಬರೀ ಲೆಕ್ಕವಲ್ಲ. ವಿಮಾನ ಎಂದು ಬರೆದ ಕೂಡಲೇ ಇಬ್ಬರೂ ಮಂಜಿನ ಮೇಲಿರುತ್ತಿದ್ದರು. ರೂಮು ಎಂದು ಬರೆಯುವಾಗ ಕಿಟಕಿ ತೆರೆದುಕೊಳ್ಳುತ್ತಿತ್ತು, ಪರದೆ ಹಾರುತ್ತಿತ್ತು, ಮೇಜಿನ ಕಾಲುಗಳ ಸುತ್ತ ಬೆಚ್ಚನೆಯ ಮರಳು ಬಂದು ಸೇರುತ್ತಿತ್ತು. ಹೆಲ್ಮಾ ಬೂಟು ಕಳಚಿ ಉಣ್ಣೆಯ ಕಾಲುಚೀಲದಲ್ಲೇ ಆ ಮರಳನ್ನು ಕೆದಕುತ್ತಿದ್ದಳು. ಪಕ್ಕದ ಮೇಜಿನ ಗಂಡಸರು, ಇವತ್ತು ಅಲ್ಲಿ ಹವೆ ಹೇಗಿದೆ ಎಂದು ಕೇಳುವುದಿತ್ತು. ವೀಬ್ಕೆ ಕತ್ತೆತ್ತದೆ, ಚೆನ್ನಾಗಿದೆ, ನಿಮ್ಮಂಥವರಿಲ್ಲ, ಎನ್ನುತ್ತಿದ್ದಳು.

ಹಿಂದೆಯೂ ದುಡ್ಡು ಕೂಡಿತ್ತು. ಒಂದು ವರ್ಷ ಅದು ವೀಬ್ಕೆಯ ಹಲ್ಲಿಗೆ ಹೋಯಿತು. ಮತ್ತೊಂದು ವರ್ಷ ಹೆಲ್ಮಾಳ ಮನೆಯ ಹೀಟರಿನ ಬಾಕಿಗೆ. ಬಡವರ ಹಲ್ಲಿಗೂ ಬಡವರ ದ್ವೀಪಕ್ಕೂ ಒಂದೇ ಡಬ್ಬಿ. ಈ ವರ್ಷ ಹಲ್ಲು ನೋಯಲಿಲ್ಲ, ಬಾಕಿ ಬರಲಿಲ್ಲ.

ಎಲ್ಲ ಖರ್ಚಿನ ಕೊನೆಗೆ ಅವರ ರಟ್ಟಿನಲ್ಲಿ ಒಂದು ತಿಮಿಂಗಿಲವಿತ್ತು. ಹೆಲ್ಮಾ ಚಿಕ್ಕವಳಿದ್ದಾಗ ಶಾಲೆಯಿಂದ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದರು. ಅಲ್ಲಿ ತಂತಿ ಕಟ್ಟಿ ತೂಗುಹಾಕಿದ ತಿಮಿಂಗಿಲದ ಎಲುಬುಗಳನ್ನು ನೋಡಿ ಅವಳು ಅತ್ತಿದ್ದಳಂತೆ. ಹೆದರಿ ಅಲ್ಲ, ಅದು ಒಣಗಿಹೋಗಿದೆ ಎಂದು. ಅಂದಿನಿಂದ ಅವಳಿಗೆ ಒದ್ದೆ ತಿಮಿಂಗಿಲ ನೋಡಬೇಕು, ಉಸಿರಾಡುವಂಥದ್ದು. ಲಂಕೆಯ ದಕ್ಷಿಣದ ಕಡಲಲ್ಲಿ ಬೆಳಿಗ್ಗೆ ದೋಣಿಯಲ್ಲಿ ಕರೆದೊಯ್ದು ತೋರಿಸುತ್ತಾರೆ. ಇಬ್ಬರಿಗೂ ಸೇರಿ ಎಪ್ಪತ್ತು ಯೂರೊ.

ಓಲ್ಟ್ಮಾನ್ ಲಕೋಟೆಗಳನ್ನು ಕೊಟ್ಟು ಹೋದ. ವೀಬ್ಕೆ ಎಣಿಸಿದಳು, ಹೆಲ್ಮಾ ಎಣಿಸಿದಳು, ಲಕೋಟೆ ಬದಲಿಸಿಕೊಂಡು ಮತ್ತೆ ಎಣಿಸಿದರು. ದುಡ್ಡು ಸರಿಹೋಗುತ್ತಿತ್ತು. ತಿಮಿಂಗಿಲವೂ ಸೇರಿ ಸರಿಹೋಗುತ್ತಿತ್ತು. ಹೆಲ್ಮಾ ಚೀಲದಿಂದ ಟ್ರಾವೆಲ್ಸಿನವರು ಕೊಟ್ಟ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ನಾಳೆ ಮಧ್ಯಾಹ್ನದೊಳಗೆ ದುಡ್ಡು ಕಟ್ಟಿದರೆ ಫೆಬ್ರವರಿಯಲ್ಲಿ ಒಂದು ವಾರ ಅವರದು.

ಕಾಗದದ ಅಡಿಯಲ್ಲಿ ಒಂದು ಆಮೆಯ ಚಿತ್ರವಿತ್ತು. ಪಕ್ಕದಲ್ಲೊಂದು ಚೌಕ, ಅದರೊಳಗೆ ಹೆಲ್ಮಾ ಆಗಲೇ ಪೆನ್ನಿನಲ್ಲಿ ಗುರುತು ಹಾಕಿದ್ದಳು. ಅದೇನೆಂದು ವೀಬ್ಕೆ ಕೇಳಿದಳು. ಹೆಲ್ಮಾ ಸಂಭ್ರಮದಿಂದ ವಿವರಿಸಿದಳು: ನಮ್ಮ ರೂಮನ್ನು ದಿನಾ ಗುಡಿಸಿ ಹಾಸಿಗೆ ಮಾಡುವುದು ಬೇಡ ಎಂದರೆ ಹೋಟೆಲಿನವರು ದಿನಕ್ಕೆ ಹತ್ತು ಯೂರೊ ಬಿಡುತ್ತಾರೆ. ನೀರು ಉಳಿಯುತ್ತದೆ, ಸಾಬೂನು ಉಳಿಯುತ್ತದೆ, ಆ ಲೆಕ್ಕದಲ್ಲಿ ಅವರು ಕಡಲಾಮೆಗಳನ್ನು ಸಾಕುತ್ತಾರೆ. ಏಳು ದಿನಕ್ಕೆ ಎಪ್ಪತ್ತು. ತಿಮಿಂಗಿಲದ ದುಡ್ಡು ಅಲ್ಲಿಂದಲೇ ಬಂತು. ಇಬ್ಬರು ಹೆಂಗಸರಿಗೆ ತಮ್ಮ ಮಂಚ ತಾವು ಸರಿಮಾಡಿಕೊಳ್ಳಲು ಬರುವುದಿಲ್ಲವೇ? ಜನ್ಮವೆಲ್ಲ ಮಾಡಿದ್ದು ಅದನ್ನೇ.

ವೀಬ್ಕೆ ಆಮೆಯನ್ನೇ ನೋಡುತ್ತ ಕೂತಳು. ಅದು ನಗುತ್ತಿತ್ತು.

ಲಾಂಡ್ರಿಗೆ ಸೇರುವ ಮುನ್ನ ಅವಳು ದೊಡ್ಡ ಹೋಟೆಲೊಂದರಲ್ಲಿ ರೂಮು ಶುಚಿ ಮಾಡುತ್ತಿದ್ದಳು. ಸಂಬಳ ಹೋಟೆಲಿನದಲ್ಲ, ಗುತ್ತಿಗೆದಾರನದು; ಗಂಟೆಗಲ್ಲ, ರೂಮಿಗಿಷ್ಟು. ಒಮ್ಮೆ ಒಬ್ಬ ಒಳ್ಳೆಯ ಮನುಷ್ಯ ವಾರವಿಡೀ ಬಾಗಿಲಿಗೆ ಬರಬೇಡಿ ಎಂಬ ಚೀಟಿ ನೇತುಹಾಕಿದ. ಹೊರಡುವ ದಿನ ಕಾರಿಡಾರಿನಲ್ಲಿ ಅವಳನ್ನು ತಡೆದು, ನಿಮಗೆ ಒಂದು ದಿನವೂ ತೊಂದರೆ ಕೊಡಲಿಲ್ಲ ನೋಡಿ, ಎಂದು ಚಾಕೊಲೇಟು ಕೊಟ್ಟ. ಅವಳು ಥ್ಯಾಂಕ್ಸ್ ಹೇಳಿದಳು. ಆಮೇಲೆ ವಾರದ ಕೊಳೆಯನ್ನು ಒಂದೇ ರೂಮಿನ ದುಡ್ಡಿಗೆ ತಿಕ್ಕಿದಳು. ಉಳಿದ ದಿನಗಳ ದುಡ್ಡು ಬರಲಿಲ್ಲ. ಚಾಕೊಲೇಟು ಬಸ್ಸಿನಲ್ಲಿ ತಿಂದಳು, ರುಚಿಯಾಗಿತ್ತು. ಅದೇ ಅವಳಿಗೆ ಇವತ್ತಿಗೂ ಸಿಟ್ಟು, ಅದು ರುಚಿಯಾಗಿತ್ತು ಎಂಬುದು.

"ಆ ಗುರುತು ಹೊಡೆದುಹಾಕು, ಹೆಲ್ಮಾ."

ಹೆಲ್ಮಾಳಿಗೆ ಮೊದಲು ತಮಾಷೆ ಅನ್ನಿಸಿತು. ಯಾಕೆ ಎಂದು ತಿಳಿದ ಮೇಲೆ ಅವಳ ಕುತ್ತಿಗೆ ಕೆಂಪಾಯಿತು.

"ಅಲ್ಲಿ ಹೆಂಗೆ ಸಂಬಳ ಕೊಡ್ತಾರೆ ಅಂತ ನಿಂಗೆ ಗೊತ್ತಾ? ನೀನು ಹೋಗಿ ನೋಡಿದೀಯಾ?"

"ಗೊತ್ತಿಲ್ಲ."

"ಮತ್ತೆ?"

"ಈ ಹತ್ತು ಯೂರೊ ಯಾರ್ದೋ ಜೇಬಿಂದ ಬರ್ಬೇಕಲ್ಲ. ಹೋಟೆಲಿನವನು ತನ್ನ ಜೇಬಿಂದ ಕೊಡೋ ಮುಖ ಅಲ್ಲ. ಆಮೆಗೆ ಜೇಬಿಲ್ಲ. ಇನ್ಯಾರು ಉಳಿದ್ರು ಹೇಳು."

ಹೆಲ್ಮಾ ಧ್ವನಿ ತಗ್ಗಿಸಿ ಸಮಾಧಾನಕ್ಕೆ ನೋಡಿದಳು. ಬೇಕಾದರೆ ಹೊರಡುವ ದಿನ ದಿಂಬಿನ ಮೇಲೆ ಐದು ಯೂರೊ ಇಟ್ಟು ಬರೋಣ, ಅಲ್ಲಿ ಅದು ದೊಡ್ಡ ದುಡ್ಡು, ಆ ಹುಡುಗಿ ಖುಷಿಪಡುತ್ತಾಳೆ ಎಂದಳು.

"ನಂಗೂ ಚಾಕೊಲೇಟ್ ಕೊಟ್ಟಿದ್ರು ಕಣೇ. ನಂಗೆ ಬೇಕಾಗಿದ್ದು ರೂಮಿನ ದುಡ್ಡು."

ಅಡುಗೆಮನೆಯಿಂದ ಸೊಪ್ಪಿನ ಹಬೆ ಬಂದು ಮೇಜುಗಳ ಮೇಲೆ ಹರಡಿತು. ತಟ್ಟೆಗಳು ಬಂದವು. ಅವರಿಬ್ಬರೂ ತಿನ್ನಲು ಶುರುಮಾಡಲಿಲ್ಲ. ಹೆಲ್ಮಾ ಇದುವರೆಗಿನ ಲೆಕ್ಕವನ್ನೆಲ್ಲ ಒಂದೊಂದಾಗಿ ಎತ್ತಿ ಆಡಿದಳು. ಎಲ್ಲಿ ಹೋದರೂ ಕಾರ್ಖಾನೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬರುತ್ತೀಯ. ಚಳವಳಿ ಎಂದರೆ ನೀನು ಮುಂದೆ, ಬಾವುಟ ಹಿಡಿಯುವುದು ನೀನು, ಸಂಬಳ ಕಟ್ಟಾಗುವುದು ನಿನಗೆ. ಆಗ ನಾನು ಏನಾದರೂ ಅಂದೆನಾ? ಸಾರು ಮಾಡಿ ತಂದುಕೊಟ್ಟೆ. ವರ್ಷಕ್ಕೆ ಒಂದು ವಾರ ಕೇಳಿದೆ. ವರ್ಷಕ್ಕಲ್ಲ, ಜನ್ಮಕ್ಕೆ ಒಂದು ವಾರ. ಅದರಲ್ಲೂ ಒಂದು ಬೆಳಿಗ್ಗೆ.

"ದುಡ್ಡಿರೋರು ಯಾವತ್ತಾದ್ರೂ ಹಿಂಗೆ ಕೂತು ಯೋಚನೆ ಮಾಡ್ತಾರೇನೇ? ಎಲ್ಲಾ ನಾವೇ ಯೋಚನೆ ಮಾಡ್ಬೇಕಾ?"

ವೀಬ್ಕೆ ಎಷ್ಟೋ ಸಭೆಗಳಲ್ಲಿ ಮಾತಾಡಿದವಳು. ಯಾವ ಸಭೆಯಲ್ಲೂ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವಳು ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದಳು. ವಿಮಾನದಲ್ಲಿ ಉಳಿಸುವಂತಿಲ್ಲ, ವೀಸಾದಲ್ಲಿ ಇಲ್ಲ, ವ್ಯಾನು ಹತ್ತದೆ ನಡೆದುಹೋಗಲು ಬರುವುದಿಲ್ಲ. ಉಳಿದದ್ದು ತಿಮಿಂಗಿಲ. ಅವಳಿಗೆ ಒಂದು ಗಳಿಗೆ ಆ ದೊಡ್ಡ ಪ್ರಾಣಿ ರಟ್ಟಿನ ಅಂಚಿನಿಂದ ನಿಧಾನವಾಗಿ ಜಾರಿ, ಮೇಜಿನ ಮೇಲಿನ ಬಿಯರಿನ ಒದ್ದೆಯನ್ನು ದಾಟಿ, ಕಿಟಕಿಯ ಗಾಜಿನ ಮೂಲಕ ಹೊರಗಿನ ಮಂಜಿನೊಳಗೆ ಹೊರಟುಹೋದಂತೆ ಕಂಡಿತು. ಬಂದರಿನ ಕಡೆ ಮತ್ತೆ ಅದೇ ಹಡಗು ಕೂಗಿತು.

"ನೀನು ದೋಣಿಗೆ ಹೋಗು," ವೀಬ್ಕೆ ಹೇಳಿದಳು. "ನಾನು ದಂಡೆ ಮೇಲಿರ್ತೀನಿ. ಒಬ್ಬರ ದುಡ್ಡು ಉಳಿಯುತ್ತೆ."

"ಒಬ್ಬಳೇ ನೋಡಿ ಯಾರಿಗೆ ತೋರಿಸ್ಲಿ, ಮೀನುಗಳಿಗಾ?"

ಹೆಲ್ಮಾ ಮುಖ ತಿರುಗಿಸಿಕೊಂಡಳು. ಸೊಪ್ಪು ತಣ್ಣಗಾಯಿತು. ಕೊನೆಗೆ ಪೆನ್ನು ಕೈಗೆತ್ತಿಕೊಂಡಳು. ಆಮೆಯ ಪಕ್ಕದ ಗುರುತಿನ ಮೇಲೆ, ಕಾಗದ ಹರಿಯುವಷ್ಟು ಒತ್ತಿ, ಅಡ್ಡ ಗೀಟು ಎಳೆದಳು. ಆಮೇಲೆ ವೀಬ್ಕೆಯ ಕೈಯಿಂದ ರಟ್ಟನ್ನು ಕಸಿದು ರಾತ್ರಿಯೂಟ ಎಂದಿದ್ದ ಕಡೆಗೂ ಅಂಥದೇ ಗೀಟು ಎಳೆದಳು.

"ಬ್ರೆಡ್ಡು ಕಟ್ಕೊಂಡು ಹೋಗೋಣ. ಕಪ್ಪು ಬ್ರೆಡ್ಡು ಕೆಡೋದಿಲ್ಲ. ಹೆರಿಂಗ್ ಮೀನಿನ ಡಬ್ಬಿ ನಾನು ತರ್ತೀನಿ. ತಿಮಿಂಗಿಲ ಮಾತ್ರ ಬಿಡೋದಿಲ್ಲ, ಹೇಳಿದೀನಿ."

ಅಷ್ಟು ಹೊತ್ತಿಗೆ ಸಾಸಿವೆಯ ಬಟ್ಟಲು ತಂದ ಓಲ್ಟ್ಮಾನ್ ಕೊನೆಯ ಮಾತನ್ನಷ್ಟೇ ಕೇಳಿಸಿಕೊಂಡಿದ್ದ. ಕಡಲ ನಡುವಿನ ದೇಶಕ್ಕೆ ಡಬ್ಬಿ ಮೀನು ಹೊತ್ತುಕೊಂಡು ಹೋಗುವ ಪ್ರವಾಸಿಗಳನ್ನು ತಾನು ಕಂಡಿಲ್ಲ ಎಂದ. ಪಕ್ಕದ ಮೇಜಿನವರಿಗೂ ಅದನ್ನು ಕೂಗಿ ಹೇಳಿದ. ಪಡಖಾನೆಯೆಲ್ಲ ನಕ್ಕಿತು. ಹೆಲ್ಮಾ ನಗಲಿಲ್ಲ. ಅವಳು ತಣ್ಣಗಾದ ಸೊಪ್ಪನ್ನು ಬೇಗ ಬೇಗ ತಿಂದಳು, ಊಟ ಅಂದರೆ ಇಷ್ಟೇ ಇನ್ನು, ಎನ್ನುವ ಹಾಗೆ.

ಫೆಬ್ರವರಿಯಲ್ಲಿ, ಲಂಕೆಯ ಮೊದಲ ಬೆಳಿಗ್ಗೆ, ವೀಬ್ಕೆ ಎಚ್ಚರವಾದಾಗ ಪರದೆ ಹಾರುತ್ತಿತ್ತು. ರಟ್ಟಿನ ಮೇಲೆ ಹಾರಿದ ಹಾಗೆಯೇ. ಅವಳಿಗೆ ತಾನು ಎದ್ದಿದ್ದೇನೋ, ಓಲ್ಟ್ಮಾನನ ಮೇಜಿನಲ್ಲಿ ಕೂತಿದ್ದೇನೋ ಕೂಡಲೇ ತಿಳಿಯಲಿಲ್ಲ. ಗಾಳಿಯಲ್ಲಿ ಉಪ್ಪಿತ್ತು, ಯಾರೋ ಸೌದೆ ಉರಿಸುತ್ತಿದ್ದ ವಾಸನೆಯಿತ್ತು. ಹೆಲ್ಮಾಳ ಮಂಚ ಖಾಲಿ. ಕೆಳಗಿನ ಮೆಟ್ಟಿಲ ಮೇಲೆ ಡಬ್ಬಿಯ ಮುಚ್ಚಳ ಕೀಳುವ ಸದ್ದು ಕೇಳಿಸುತ್ತಿತ್ತು. ರಾತ್ರಿ ಅರ್ಧ ಬ್ರೆಡ್ಡಿಗೇ ನಿದ್ದೆಹೋದವಳಿಗೆ ಬೆಳಗಾಗುತ್ತಲೇ ಹಸಿವು. ನಾಳೆ ದೋಣಿ. ಹೆಲ್ಮಾ ನಿನ್ನೆಯಿಂದ ಕಡಲಿನ ಕಡೆ ಬೆನ್ನು ಹಾಕಿಯೇ ಕೂತಿಲ್ಲ.

ವೀಬ್ಕೆ ಮುಖ ತೊಳೆದು ಬಂದಳು, ಉಡುಪು ಹಾಕಿಕೊಂಡಳು, ಕೂದಲಿಗೆ ಬಾಚಣಿಗೆ ಹಾಕಿದಳು, ಬಾಗಿಲು ತೆರೆದಳು. ತೆರೆದವಳು ತಿರುಗಿ ನೋಡಿದಳು. ಎರಡೂ ಮಂಚಗಳು ಸಿದ್ಧವಾಗಿದ್ದವು. ಹೊದಿಕೆ ಒಂದು ಸುಕ್ಕೂ ಇಲ್ಲದೆ ಹಾಸಿತ್ತು, ನಾಲ್ಕೂ ಮೂಲೆ ಮಡಿಸಿ ಒಳಗೆ ಸಿಕ್ಕಿಸಿತ್ತು, ದಿಂಬುಗಳ ಬಾಯಿ ಗೋಡೆಯ ಕಡೆಗೆ. ಯಾವಾಗ ಮಾಡಿದಳೋ ಅವಳಿಗೇ ಗೊತ್ತಿರಲಿಲ್ಲ. ಕೈಗಳು ಅವಳನ್ನು ಕೇಳದೆ ಮಾಡಿ ಮುಗಿಸಿದ್ದವು.

ಕಾರಿಡಾರಿನ ಆ ತುದಿಯಲ್ಲಿ ಗಾಲಿಗಳ ಸದ್ದು. ಬಟ್ಟೆ, ಬಕೀಟು ಹೇರಿದ ಗಾಡಿ. ಒಂದು ಗಾಲಿ ಕಿರುಗುಡುತ್ತಿತ್ತು. ಎಲ್ಲ ಊರಲ್ಲೂ ಒಂದು ಗಾಲಿ ಕಿರುಗುಡುತ್ತದೆ. ಗಾಡಿ ಬಾಗಿಲುಗಳ ಮುಂದೆ ನಿಂತು, ಹೊರಟು, ನಿಂತು ಬರುತ್ತಿತ್ತು. ಕೆಲವು ಬಾಗಿಲುಗಳಿಗೆ ನಗುವ ಆಮೆಯ ಚೀಟಿ ನೇತುಬಿದ್ದಿತ್ತು. ಅಲ್ಲಿ ಗಾಡಿ ನಿಲ್ಲಲಿಲ್ಲ.

ವೀಬ್ಕೆ ಒಳಗೆ ಬಂದಳು. ಹೊದಿಕೆಯ ಮೂಲೆ ಹಿಡಿದು ಎಳೆದಳು. ಅದು ಬಿಗಿಯಾಗಿ ಕೂತಿತ್ತು, ಬರಲಿಲ್ಲ. ಮೊಣಕಾಲು ಮಂಚಕ್ಕೆ ಊರಿ ಎರಡೂ ಕೈಯಲ್ಲಿ ಜಗ್ಗಬೇಕಾಯಿತು. ಹೆಲ್ಮಾಳ ಹಾಸಿಗೆಯನ್ನೂ ಕಿತ್ತಳು. ಒಂದು ದಿಂಬನ್ನು ನೆಲಕ್ಕೆ ಹಾಕಿದಳು, ಸ್ವಲ್ಪ ಯೋಚಿಸಿ ಟವೆಲನ್ನೂ ಹಾಕಿದಳು. ಕೆದರಿದ ಕೋಣೆಯಿಂದ ಕಳ್ಳತನ ಮಾಡಿದವರ ಹಾಗೆ ಹೊರಗೆ ಹೆಜ್ಜೆ ಹಾಕಿದಳು.

ಬಾಗಿಲಲ್ಲಿ ಗಾಡಿಯ ಹೆಂಗಸು ಎದುರಾದಳು. ವಯಸ್ಸಾದವಳು, ಮೊಣಕೈಗೆ ಪಟ್ಟಿ ಕಟ್ಟಿಕೊಂಡಿದ್ದಳು. ಒಳಗೆ ಒಮ್ಮೆ ಇಣುಕಿ, ವೀಬ್ಕೆಯ ಮುಖ ನೋಡಿದಳು. ಮೆಚ್ಚುವ ನೋಟವಲ್ಲ. ಇಂಥ ಗಲೀಜು ಜನರನ್ನು ಅವಳು ಬಹಳ ಕಂಡಿರಬೇಕು. ಗಾಡಿಗೆ ತೂಗುಬಿಟ್ಟ ಕಾಗದದಲ್ಲಿ ಆ ರೂಮಿನ ನಂಬರಿನ ಮುಂದೆ ಒಂದು ಗೀಟು ಎಳೆದು, ಬಕೀಟು ಎತ್ತಿಕೊಂಡು ಒಳಗೆ ಹೋದಳು.

ಮೆಟ್ಟಿಲ ಮೇಲೆ ಹೆಲ್ಮಾ ಟವೆಲೊಂದನ್ನು ಹಾಸಿ ಬ್ರೆಡ್ಡು ಕೊಯ್ಯುತ್ತಿದ್ದಳು. ಕಾಗೆಗಳು ಮೀನಿನ ಡಬ್ಬಿಯ ಸುತ್ತ ಸಭೆ ಸೇರಿದ್ದವು. ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ಅವಳು ಕೇಳಲಿಲ್ಲ. ಚಾಕುವಿನ ತುದಿಯಿಂದ ಕಡಲಿನ ಕಡೆ ತೋರಿಸಿದಳು. ಅಲ್ಲಿ ಏನೂ ಇರಲಿಲ್ಲ, ಬೆಳಕಿತ್ತು. ವೀಬ್ಕೆ ಪಕ್ಕದಲ್ಲಿ ಕೂತಳು. ಅವಳ ಕೈ ಟವೆಲಿನ ಮಡಿಚಿದ ಅಂಚನ್ನು ಹುಡುಕಿ ನೇರ ಮಾಡಿತು. ಗಾಳಿ ಅದನ್ನು ಮತ್ತೆ ಎತ್ತಿತು. ಈ ಸಲ ಅವಳು ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದು ಹಾರುವುದನ್ನು ನೋಡುತ್ತ ಕೂತಳು.