ನಾಯಕಿ ಬರುವವರೆಗೆ

ಗಾಡಿಯ ಗಾಲಿಯಷ್ಟು ದೊಡ್ಡದಾಗಿದ್ದ ಹೂವಿನ ಚಕ್ರವನ್ನು ಓರ್ವಿಲ್ ಮೊಣಕಾಲಿನಿಂದ ಒತ್ತಿ ಒತ್ತಿ ಗೋಡೆಯ ಕಡೆಗೆ ಸರಿಸುತ್ತಿದ್ದ. ಯಾರೋ ಅದನ್ನು ಶವಪೆಟ್ಟಿಗೆಯ ಮುಂದೆಯೇ ನಿಲ್ಲಿಸಿಹೋಗಿದ್ದರು. ಒಳಗೆ ಮಲಗಿದ್ದ ಅವನ ಹೆಂಡತಿ ವಿನ್ನಿಯ ಮುಖವೇ ಕಾಣುತ್ತಿರಲಿಲ್ಲ.

"ಭಾವ, ಅದು ಡೆಲ್ಫಿನ್ ಅಮ್ಮಾವ್ರು ಕಳಿಸಿದ್ದು. ಮೂಲೆಗೆ ಹಾಕ್ತಿದ್ದೀರಲ್ಲ!" ಎಂದಳು ವಿನ್ನಿಯ ತಂಗಿ ಎಡ್ನಾ.

"ಕಳಿಸಿದ್ದೇನೋ ಸರಿ. ಆಯಮ್ಮ ಬರ್ತಾಳಾ?"

"ಬರ್ದೇ ಇರ್ತಾರಾ? ಹೊರಗೆ ಆಗ್ಲೇ ಪೇಪರಿನೋರು ಕ್ಯಾಮೆರಾ ಹಿಡ್ಕೊಂಡು ಕಾಯ್ತಿದಾರೆ."

ಓರ್ವಿಲ್ ಚಕ್ರಕ್ಕೆ ಇನ್ನೊಮ್ಮೆ ಮೊಣಕಾಲು ಕೊಟ್ಟ. ಸಿನಿಮಾ ನಾಯಕಿ ಡೆಲ್ಫಿನ್ ಹಾರ್ಗ್ರೀವ್‌ಗೆ ಜಾಗ ಬಿಟ್ಟುಕೊಡುವುದರಲ್ಲೇ ವಿನ್ನಿಯ ಆಯುಷ್ಯ ಕಳೆದಿತ್ತು. ಇವತ್ತೊಂದು ದಿನವಾದರೂ ಜನ ತನ್ನ ಹೆಂಡತಿಯನ್ನೇ ನೋಡಲಿ ಎಂಬುದು ಅವನ ಆಸೆ. ಆದರೆ ಹಾಲಿವುಡ್‌ನಲ್ಲಿ ಸತ್ತವರಿಗೂ ಮುಖ್ಯ ಪಾತ್ರ ಸುಲಭಕ್ಕೆ ಸಿಗುವುದಿಲ್ಲ.

*

ಅದು ಕಪ್ಪು ಬಿಳುಪು ಸಿನಿಮಾಗಳ ಕಾಲ. ಸಿರಿವಂತರ ಹುಡುಗಿ, ಬರಿಗೈ ಹುಡುಗ; ಕೊನೆಯ ರೀಲಿನವರೆಗೂ ಜಗಳ, ಆಮೇಲೊಂದು ಮುತ್ತು. ಡೆಲ್ಫಿನ್ ಜಗಳಕ್ಕೆ ನಿಂತರೆ ಊರಿಗೆ ಊರೇ ನಗುತ್ತಿತ್ತು. ಚಿತ್ರೀಕರಣದ ದೀಪಗಳನ್ನು ಸರಿಹೊಂದಿಸುವಷ್ಟು ಹೊತ್ತು ಅಂಥ ನಾಯಕಿ ಆ ಬಿಸಿಯಲ್ಲಿ ಬೇಯಬಾರದಲ್ಲ! ಆಕೆಯಷ್ಟೇ ಎತ್ತರದ, ಆಕೆಯದೇ ಬಣ್ಣದ ಕೂದಲಿನ ವಿನ್ನಿ ಆ ಜಾಗದಲ್ಲಿ ನಿಂತು ಬೇಯುತ್ತಿದ್ದಳು. ಎಲ್ಲ ಸಿದ್ಧವಾದ ಮೇಲೆ ಸಹಾಯಕ ನಿರ್ದೇಶಕ ಸೋಲ್ ಪಿಂಕಸ್ ಕೂಗುತ್ತಿದ್ದ: "ನಿಂತೋರು ಆಚೆ, ನಾಯಕಿ ಒಳಗೆ!" ವಿನ್ನಿ ಸರಿಯುತ್ತಿದ್ದಳು. ಡೆಲ್ಫಿನ್ ಬಂದು ಅದೇ ಬೆಳಕಿನಲ್ಲಿ ನಗುತ್ತಿದ್ದಳು.

ದೀಪದವನು ಓರ್ವಿಲ್.

"ಎಷ್ಟೊತ್ತಯ್ಯಾ? ನನ್ನೇನು ಹುರಿದು ತಿನ್ತೀಯಾ?" ಎಂದು ವಿನ್ನಿ ಮೊದಲ ದಿನವೇ ರೇಗಿದ್ದಳು.

"ಮೂಗಿನ ನೆರಳು ಸರಿಹೋಗ್ತಿಲ್ಲ ಕಣಮ್ಮ."

"ಮೂಗು ನಂದು, ಪಿಕ್ಚರ್ ಅವಳ್ದು. ನಿಂಗ್ಯಾಕೆ ಇಷ್ಟು ಕಾಳಜಿ?"

ಕಾಳಜಿ ಎಂಥದ್ದೆಂದು ತಿಂಗಳೊಳಗೆ ಸ್ಟುಡಿಯೊಗೆಲ್ಲ ಗೊತ್ತಾಯಿತು. ತಡಮಾಡಿದ್ದಕ್ಕೆ ಓರ್ವಿಲ್ ಬೈಸಿಕೊಂಡ, ಮದುವೆಯನ್ನೂ ಮಾಡಿಕೊಂಡ. ವಿನ್ನಿ ಮಾತ್ರ ಪರದೆಯ ಮೇಲೆ ಒಂದು ಸಲವೂ ಕಾಣಿಸಲಿಲ್ಲ. ಅವಳಿಗೆ ಅದರ ಬೇಸರವಿರಲಿಲ್ಲ. ಬೇಸರವೆಲ್ಲ ಓರ್ವಿಲ್‌ನದು.

*

ಪಾದ್ರಿ ಪ್ರಾರ್ಥನೆ ಮುಗಿಸುತ್ತಿದ್ದಂತೆ ಬಾಗಿಲು ತೆರೆಯಿತು. ಕಪ್ಪು ಟೋಪಿ ಹಾಕಿಕೊಂಡು ಡೆಲ್ಫಿನ್ ಒಳಗೆ ಬಂದಳು, ಹಿಂದೆಯೇ ಕ್ಯಾಮೆರಾಗಳು. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಸೋಲ್ ಪಿಂಕಸ್ ಈಗ ಹಣ್ಣು ಹಣ್ಣು ಮುದುಕ. ಕಣ್ಣು ಬಿಟ್ಟವನೇ ಆಕೆಯನ್ನು ಕಂಡು ದಡಕ್ಕನೆ ಎದ್ದು, ಗಂಟಲು ಹರಿಯುವಂತೆ ಕೂಗಿದ:

"ನಿಂತೋರು ಆಚೆ, ನಾಯಕಿ ಒಳಗೆ!"

ಪೆಟ್ಟಿಗೆ ಹೊರಲು ಬಂದವರೆಲ್ಲ ಅದೇ ಸ್ಟುಡಿಯೊದ ಹಳೆಯ ಕೆಲಸಗಾರರು. ಜೀವಮಾನವಿಡೀ ಆ ಕೂಗಿಗೆ ಓಡಾಡಿದ ಕಾಲುಗಳು. ಹಿಂದೆಮುಂದೆ ನೋಡದೆ ಪೆಟ್ಟಿಗೆಯ ಹಿಡಿಗಳಿಗೆ ಕೈಹಾಕಿ, ಮುಚ್ಚಳವನ್ನೂ ಮುಚ್ಚದೆ ವಿನ್ನಿಯನ್ನು ಎತ್ತಿಕೊಂಡು ಪಕ್ಕದ ಬಾಗಿಲ ಕಡೆ ನಡೆದೇಬಿಟ್ಟರು.

"ಇಳಿಸ್ರೋ, ಬಡ್ಡಿಮಕ್ಕಳಾ!" ಓರ್ವಿಲ್ ಕಿರುಚಿದ. "ಇವತ್ತೂ ಅವಳೇ ಆಚೆ ಹೋಗ್ಬೇಕೇನ್ರೋ?"

ಪಾದ್ರಿ ಬೆಪ್ಪಾಗಿ ನಿಂತ. ಎಡ್ನಾ ಅಳುತ್ತಿದ್ದವಳು ಕಿಸಕ್ಕನೆ ನಕ್ಕುಬಿಟ್ಟಳು. ಹೊತ್ತವರು ನಾಚಿಕೊಂಡು ಪೆಟ್ಟಿಗೆಯನ್ನು ಮೊದಲಿನ ಜಾಗಕ್ಕೇ ತಂದಿಟ್ಟರು.

"ಏನಾಯ್ತು? ಇನ್ನೂ ಲೈಟ್ ಆಗಿಲ್ವಾ?" ಎಂದ ಸೋಲ್.

ಡೆಲ್ಫಿನ್ ಓರ್ವಿಲ್‌ನ ಹತ್ತಿರ ಬಂದಳು. "ನಾನು ಬಂದಿದ್ದು ತಪ್ಪಾಯ್ತಾ, ಓರ್ವಿಲ್?"

ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವುದು, ದೀಪದವನಾದರೂ, ಅವನಿಗೆ ಬರುತ್ತಿರಲಿಲ್ಲ. "ನೀವಿದ್ರೆ ಅವಳನ್ನ ಯಾರು ನೋಡ್ತಾರೆ, ಅಮ್ಮಾವ್ರೇ?" ಎಂದುಬಿಟ್ಟ.

ಡೆಲ್ಫಿನ್ ಪೆಟ್ಟಿಗೆಯ ಬಳಿ ಹೋದಳು.

"ಮೇಡಂ, ಒಂಚೂರು ಈ ಕಡೆ! ಮುಖ ಕಾಣ್ತಿಲ್ಲ!" ಎಂದು ಪೇಪರಿನವರು ಗೋಗರೆದರು.

ಕ್ಯಾಮೆರಾ ಕಂಡಲ್ಲೆಲ್ಲ ಎಡಗೆನ್ನೆ ಮುಂದೆ ಮಾಡಿ ನಿಂತು ಬಾಳಿದ ಹೆಂಗಸು ಈಗ ಅವರಿಗೆ ಬೆನ್ನು ಹಾಕಿದಳು. ಆಮೇಲೆ ಕಿಟಕಿಯ ಬಿಸಿಲಿಗೆ ಅಡ್ಡವಾಗದಂತೆ ಪಕ್ಕಕ್ಕೂ ಸರಿದಳು.

ಮಾರನೆಯ ದಿನ ಪೇಪರಿನಲ್ಲಿ ಬಂದ ಚಿತ್ರದ ಅಂಚಿನಲ್ಲಿ ಮಸುಕಾಗಿ ಒಂದು ಕಪ್ಪು ಟೋಪಿಯಿತ್ತು. ನಡುವೆ, ಬಿಸಿಲು ಬಿದ್ದ ದಿಂಬಿನ ಮೇಲೆ, ವಿನ್ನಿಯ ಮುಖ.